ಗೆಳತಿಯರ ಋತುಸಂಹಾರ

ಹೊಸ ಸೀರೆಯುಟ್ಟು ಬೀದಿಗಿಳಿದ ಹೆಂಗಸನ್ನು ನಮ್ಮ ಊರುಗಳಲ್ಲಿ ಯಾರೂ ಸುಮ್ಮನೆ ಹೋಗಗೊಡುವುದಿಲ್ಲ. 'ಎಲ್ಲಿ ತಂದಿರಿ?' ಎಂಬುದು ಮೊದಲನೆಯ ಪ್ರಶ್ನೆ. 'ಎಷ್ಟು ಕೊಟ್ಟಿರಿ?' ಎಂಬುದು ಎರಡನೆಯದು. ಸೆರಗಿನ ತುದಿಯನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಉಜ್ಜಿ ನೋಡುವುದು ಮೂರನೆಯದು. ಅದು ಮಾತಿಲ್ಲದ ಪ್ರಶ್ನೆ. ಗಂಡಸರು ಇದನ್ನು ಕಂಡು ನಗುವುದುಂಟು. ನಗಲಿ. ಅಕ್ಕಿಯ ಅಂಗಡಿಯಿಂದ ಹಿಡಿದು ಮಗಳಿಗೆ ಗಂಡು ಹುಡುಕುವವರೆಗೆ ಒಂದು ಸಂಸಾರಕ್ಕೆ ಬೇಕಾದ ಎಷ್ಟೋ ತಿಳಿವಳಿಕೆ ಇಂಥ ಬೀದಿಯ ಪ್ರಶ್ನೆಗಳಿಂದಲೇ ಒಳಗೆ ಬಂದಿರುತ್ತದೆ.

ಶಿಫಾರಸು ಎಂಬ ಪದಕ್ಕೆ ನಮ್ಮಲ್ಲಿ ಕಚೇರಿಯ ವಾಸನೆ ಅಂಟಿಕೊಂಡಿದೆ. ನೌಕರಿಗೆ ಶಿಫಾರಸು, ಸೀಟಿಗೆ ಶಿಫಾರಸು, ವರ್ಗಾವಣೆಗೆ ಶಿಫಾರಸು. ಮಾಡುವವರು ಮೇಲೆ ಕುಳಿತಿರುತ್ತಾರೆ, ಮಾಡಿಸಿಕೊಳ್ಳುವವರು ಕೆಳಗೆ ನಿಂತಿರುತ್ತಾರೆ. ಗೆಳತಿಯೊಬ್ಬಳು ಗೆಳತಿಗೆ ಹೇಳುವ ಮಾತಿಗೆ ಈ ಪದ ಒಗ್ಗುವುದಿಲ್ಲ. 'ಒಮ್ಮೆ ತಿಂದು ನೋಡು', 'ನೀನೂ ಒಂದು ತೊಗೊ', 'ಈ ತಿಂಗಳು ಕಳೆದರೆ ಸಿಗುವುದಿಲ್ಲ, ಹೋಗಿ ಬಾ' ಎಂದಷ್ಟೇ ನಾವು ಹೇಳುತ್ತೇವೆ. ಈ ವ್ಯವಹಾರಕ್ಕೆ ಹೆಸರಿಲ್ಲ. ಹೆಸರಿಲ್ಲದ ಈ ವ್ಯವಹಾರವನ್ನು ನಾವು ನಾಲ್ವರು ಗೆಳತಿಯರು ಹದಿನೈದು ವರ್ಷ ಕಾಲ ನೋಟುಬುಕ್ಕುಗಳಲ್ಲಿ ಬರೆದು ನಡೆಸಿದೆವು. ಅದರ ಕಥೆಯನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ.

1974ರ ಬೇಸಗೆಯಲ್ಲಿ ಧಾರವಾಡದಲ್ಲಿ ನಮ್ಮ ಎಂ.ಎ. ಪರೀಕ್ಷೆ ಮುಗಿಯಿತು. ಎರಡು ವರ್ಷ ಒಂದೇ ಕೋಣೆಯಲ್ಲಿದ್ದವರು ನಾಲ್ಕು ದಿಕ್ಕಿಗೆ ಹೊರಟೆವು. ಒಬ್ಬಳು ಶಿರಸಿಯ ಕಡೆಯ ಅಡಕೆ ತೋಟದ ಮನೆಯವಳು. ಒಬ್ಬಳು ಇಳಕಲ್ಲಿನ ಮಗ್ಗದ ಮನೆಯ ಮಗಳು. ಇನ್ನೊಬ್ಬಳು, ತಂದೆಗೆ ಹುಬ್ಬಳ್ಳಿಯ ರೈಲ್ವೆಯಲ್ಲಿ ಕೆಲಸವಿದ್ದುದರಿಂದ ಈ ಕಡೆಗೆ ಬಂದಿದ್ದ ಬೆಂಗಳೂರಿನವಳು. ನಾನು ಧಾರವಾಡದಲ್ಲಿಯೇ ಹುಟ್ಟಿ ಮದುವೆಯಾಗಿ ಮೈಸೂರು ಸೇರಿದವಳು. ಕಾಗದ ಬರೆಯುತ್ತೇವೆಂದು ಎಲ್ಲರೂ ಆಣೆ ಮಾಡಿದೆವು. ಆ ಆಣೆಗಳ ಆಯುಷ್ಯ ಎಷ್ಟೆಂಬುದು ತಮಗೆಲ್ಲ ಗೊತ್ತೇ ಇದೆ. ಆದುದರಿಂದ ಬೆಂಗಳೂರಿನವಳು ಒಂದು ಉಪಾಯ ಹೂಡಿದಳು. ಒಂದು ನೋಟುಬುಕ್ಕು, ಅದು ಒಬ್ಬೊಬ್ಬರ ಹತ್ತಿರ ಹದಿನೈದು ದಿನ ಇರಬೇಕು, ಬರೆದವರು ರಿಜಿಸ್ಟರ್ಡ್ ಅಂಚೆಯಲ್ಲಿ ಮುಂದಿನವರಿಗೆ ಕಳಿಸಬೇಕು. ನಾಲ್ವರ ಕೈ ದಾಟಿ ಬರುವುದಕ್ಕೆ ಎರಡು ತಿಂಗಳು, ಅಂದರೆ ಸರಿಯಾಗಿ ಒಂದು ಋತು.

ಋತು ಎಂದೊಡನೆ ನಮ್ಮ ಸಂಸ್ಕೃತದ ಪಾಂಡಿತ್ಯ ಕೆರಳಿತು. ನೋಟುಬುಕ್ಕಿಗೆ 'ಋತುಸಂಹಾರ' ಎಂದು ಹೆಸರಿಟ್ಟೆವು. ಕಾಳಿದಾಸನ ಹೆಸರಿನ ಆ ಕಾವ್ಯ ಗ್ರೀಷ್ಮದಿಂದ ಆರಂಭವಾಗುತ್ತದೆ. ನಮ್ಮದೂ ಗ್ರೀಷ್ಮದಿಂದಲೇ ಆರಂಭವಾಯಿತು, ಕಾರಣ ಪರೀಕ್ಷೆ ಮುಗಿದದ್ದು ಆಗ. ಸಂಹಾರವೆಂದರೆ ಅಲ್ಲಿ ಒಟ್ಟುಗೂಡಿಸುವುದು ಎಂದು ಅರ್ಥ. ಮುಂದೆ ನಮ್ಮ ಗಂಡಂದಿರು ತಂತಮ್ಮ ಜೇಬಿನ ಕಡೆ ನೋಡಿಕೊಂಡು ಅದಕ್ಕೆ ಬೇರೆ ಅರ್ಥ ಹೇಳಿದರು. ಪ್ರತಿ ಸುತ್ತಿನಲ್ಲಿಯೂ ಉಡುವುದು, ಉಣ್ಣುವುದು, ತಿರುಗುವುದು, ಸಿಂಗರಿಸಿಕೊಳ್ಳುವುದು ಇವಿಷ್ಟನ್ನೇ ಬರೆಯತಕ್ಕದ್ದು. ಅತ್ತೆಯ ದೂರು, ಮಕ್ಕಳ ಜ್ವರ ಇವಕ್ಕೆ ಬೇರೆ ಕಾಗದ. ಇಳಕಲ್ಲಿನವಳು ಇನ್ನೊಂದು ನಿಯಮ ಸೇರಿಸಿದಳು: ತಾನು ಉಂಡು, ಉಟ್ಟು, ಹೋಗಿ ನೋಡದೆ ಯಾವುದನ್ನೂ ಬರೆಯಕೂಡದು. ಸೀರೆಯಾದರೆ ಮೂರು ಸಲ ಒಗೆದ ಮೇಲೆ ಬರೆಯಬೇಕು. 'ಅಂಗಡ್ಯಾಗ ಎಲ್ಲಾ ಸೀರಿನೂ ಛಲೋನ ಇರತಾವ' ಎಂಬುದು ಅವಳ ವಾದ. ಎಣಿಕೆಯಲ್ಲಿ ಬೆಳೆದವಳು; ಪ್ರತಿ ಹೊಸ ನೋಟುಬುಕ್ಕಿಗೂ ಮೊದಲು ತಾನೇ ಪುಟಸಂಖ್ಯೆ ಹಾಕಿ ಕಳಿಸುತ್ತಿದ್ದಳು. ಈ ಪುಟಸಂಖ್ಯೆಯ ಮಾತು ಮುಂದೆ ಬರುತ್ತದೆ.

ಸೀರೆಯ ವಿಷಯದಲ್ಲಿ ನಮಗೆಲ್ಲ ಗುರು ಅವಳೇ. ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ ಎಂಬುದನ್ನು ಉಟ್ಟವರೆಲ್ಲ ಬಲ್ಲರು. ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುತ್ತಾರೆಂಬುದು, ಅದಕ್ಕೆ ಕೊಂಡಿ ಎಂದು ಹೆಸರೆಂಬುದು ನನಗೆ ಗೊತ್ತಾದದ್ದು ಅವಳ ಬರಹದಿಂದ. ಹೀಗೆ ಜೋಡಿಸಬೇಕಾದುದರಿಂದ ಒಂದೊಂದು ಸೀರೆಗೂ ಹಾಸು ಬೇರೆಯಾಗಿಯೇ ಸಿದ್ಧವಾಗಬೇಕು. ಸೆರಗಿನ ಕೆಂಪಿನಲ್ಲಿ ಎದ್ದು ಕಾಣುವ ಬಿಳಿಯ ತೆನೆ ಜೋಳದ ತೆನೆ. ಕೊಳ್ಳುವಾಗ ಸೆರಗನ್ನು ನೋಡಬೇಡಿ, ಒಡಲೂ ಸೆರಗೂ ಕೂಡುವಲ್ಲಿ ಬೆರಳಾಡಿಸಿ ನೋಡಿ ಎಂದು ಬರೆದಿದ್ದಳು. ಮೊದಲ ಸಲ ತಣ್ಣೀರಿನಲ್ಲಿ ಬೇರೆಯಾಗಿಯೇ ನೆನೆಯಿಡಿ, ನೆರಳಿನಲ್ಲಿ ಒಣಗಿಸಿ, ಚೈತ್ರ ವೈಶಾಖಗಳಲ್ಲಿ ಉಡಿ, ಬೆವರನ್ನು ಹೀರಿಕೊಳ್ಳುವ ಬಟ್ಟೆ ಅದು. ಅಂದಿನಿಂದ ಇಂದಿನವರೆಗೆ ನಾನು ಈ ಕ್ರಮ ತಪ್ಪಿಲ್ಲ. ಈಗ ಆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಆದರೆ ಕೊಂಡಿಯ ಮೇಲೆ ಬೆರಳಾಡಿಸಿ ನೋಡುವವರು ಅಂಗಡಿಯಲ್ಲಿ ನನಗೆ ಅಪರೂಪವಾಗಿಯೇ ಕಾಣುತ್ತಾರೆ.

1976ರ ಮಳೆಗಾಲದ ಸುತ್ತಿನಲ್ಲಿ ಒಂದು ಜಗಳವಾಯಿತು. ಶಿರಸಿಯವಳು, ಮಳೆಗಾಲಕ್ಕೆ ನೈಲಾನ್ ಸೀರೆಯ ಸಮ ಇನ್ನೊಂದಿಲ್ಲ, ಎಲ್ಲರೂ ಒಂದೊಂದು ಕೊಳ್ಳಿರಿ ಎಂದು ಬರೆದಳು. ಅವಳ ಕಷ್ಟ ಅವಳದು. ಮೃಗಶಿರಾ ಹಿಡಿದರೆ ಮಘಾ ಮಳೆ ಮುಗಿಯುವವರೆಗೆ ಆ ಮನೆಯಲ್ಲಿ ಹತ್ತಿಯ ಬಟ್ಟೆ ಒಣಗುವಂತಿಲ್ಲ. ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಅದರ ಮೇಲೆ ಹರವಬೇಕು. ಉಟ್ಟರೆ ಹೊಗೆಯ ವಾಸನೆ. ನೈಲಾನಾದರೆ ಹಿಂಡಿ ಕೊಡವಿದರೆ ಅರ್ಧ ಒಣಗಿದಂತೆ. ಇಳಕಲ್ಲಿನವಳು ಅದರ ಕೆಳಗೆ ಒಂದೇ ಸಾಲು ಬರೆದಿದ್ದಳು: 'ನಿನ್ನ ನೈಲಾನು ನಮ್ಮಪ್ಪನ ಮಗ್ಗಾ ನಿಂದರಸತದ.' ನಾವು ಉಳಿದಿಬ್ಬರು ಏನು ಬರೆಯಲೂ ತೋಚದೆ ಆ ಸಲ ಉಡುಗೆಯ ಪುಟವನ್ನು ಖಾಲಿ ಬಿಟ್ಟೆವು. ನಮ್ಮ ಮಾತನ್ನು ಕೇಳಿ ಒಬ್ಬರು ಕೊಂಡರೆ, ಕೊಳ್ಳದೆ ಉಳಿದದ್ದು ಇನ್ನೊಬ್ಬರ ಮನೆಯ ಕೂಳಾಗಿರಬಹುದೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಮುಂದಿನ ಸುತ್ತಿನಲ್ಲಿ ಶಿರಸಿಯವಳೇ ರಾಜಿಯ ಮಾತೆತ್ತಿದಳು: ಮಳೆಗೆ ನೈಲಾನು, ಪ್ರತಿ ದೀಪಾವಳಿಗೆ ಒಂದು ಇಳಕಲ್ಲು. ಮಳೆಗಾಲದ ಸತ್ಯ ಅವಳದು, ಮಗ್ಗದ ಸತ್ಯ ಇವಳದು. ಅವಳು ಇಂದಿಗೂ ಆ ಮಾತನ್ನು ನಡೆಸಿಕೊಂಡು ಬಂದಿದ್ದಾಳೆ. ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗಕ್ಕೇ ಮೀಸಲಿಡುವ ಕೇಂದ್ರದ ಕಾನೂನು ಬಂದದ್ದು 1985ರಲ್ಲಿ. ನಮ್ಮ ನೋಟುಬುಕ್ಕಿನ ಕಾನೂನು ಅದಕ್ಕಿಂತ ಒಂಬತ್ತು ವರ್ಷ ಹಳೆಯದು.

ಉಣ್ಣುವ ಪುಟಗಳಲ್ಲಿ ಜಗಳವಿರಲಿಲ್ಲ, ಹಸಿವಷ್ಟೇ ಇತ್ತು. ಬೆಂಗಳೂರಿನವಳಿಗೆ ಪುಷ್ಯ ಮಾಸವೆಂದರೆ ಅವರೆಕಾಯಿ. ಚಳಿಯ ಇಬ್ಬನಿ ಬಿದ್ದು ಸೊಗಡೇರಿದ ಕಾಯಿಯನ್ನು ಮೂಸಿ ನೋಡಿಯೇ ಕೊಳ್ಳಬೇಕೆಂದು ಬರೆಯುತ್ತಿದ್ದಳು. ಕಾಳನ್ನು ನೆನೆಸಿ, ಹಿತುಕಿ, ಸಿಪ್ಪೆ ಬಿಡಿಸುವ ಕೆಲಸಕ್ಕೆ ಮನೆಗೆ ಬಂದ ಅತಿಥಿಗಳನ್ನೂ ಕೂಡಿಸಬೇಕೆಂದು ಅವಳ ಮತ. ಯಾರೇ ಬೆಂಗಳೂರಿಗೆ ಹೋದರೂ ಗಾಂಧಿಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನದ ಮಸಾಲೆದೋಸೆಯನ್ನು ತಿನ್ನದೆ ಹಿಂದಿರುಗಿದರೆ ಅವರೊಡನೆ ಮಾತು ಬಿಡುತ್ತಿದ್ದಳು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ನಾವು ಒಮ್ಮೆ ನಾಲ್ವರೂ ಹೋಗಿದ್ದುಂಟು. ಇಳಕಲ್ಲಿನವಳು ಕೈಯಲ್ಲಿ ಕಾಯಿ ಹಿಡಿದು, 'ಇದಕ್ಕ ನಾವು ಶೇಂಗಾ ಅಂತೀವಿ, ಇಷ್ಟಕ್ಕ ಒಂದು ಜಾತ್ರಿ ಮಾಡೂದಿಲ್ಲ' ಎಂದದ್ದು ನೆನಪಿದೆ.

ಅವಳ ಜಾತ್ರೆ ಹೊಲದಲ್ಲಿ. ಎಳ್ಳಮವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಬಿಳಿಜೋಳದ ಬೆಳೆಯ ನಡುವೆ ಕುಳಿತು ಉಣ್ಣುವ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ; ಬಾಯಿ ಕೆಟ್ಟಿದ್ದರೆ ಕರಿಂಡಿ. ಅದಾದ ಕೆಲವು ವಾರಗಳಿಗೆ ಸೀತನಿ. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿಬಿಸಿಯಾಗಿ ತಿಕ್ಕಿ ಕಾಳು ಉದುರಿಸಿ ಬಾಯಿಗೆ ಹಾಕಿಕೊಳ್ಳುವ ಆ ಸುಖ ಅಂಚೆಯಲ್ಲಿ ಕಳಿಸುವಂಥದಲ್ಲ. 'ಇದನ್ನ ಬರದರ ಉಪಯೋಗಿಲ್ಲ, ಬರ್ರಿ' ಎಂದು ಬರೆದಿದ್ದಳು. ನಾವು ಹೋದೆವು ಕೂಡ, 1978ರಲ್ಲಿ; ಜೊತೆಗೆ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಯನ್ನೂ ಮಾಡಿ, ರಾತ್ರಿಯಿಡೀ ಕಂಪನಿ ನಾಟಕ ನೋಡಿ, ಬೆಳಿಗ್ಗೆ ಅರೆಗಣ್ಣಿನಲ್ಲಿ ಮೇಣಬಸದಿಗಳನ್ನು ಹತ್ತಿದೆವು. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯ ಹಜಾರದಲ್ಲಿ ಬೆಂಗಳೂರಿನವಳು ಕಂಬಕ್ಕೊರಗಿ ನಿದ್ದೆ ಹೋದಳು.

ಶಿರಸಿಯವಳ ಪತ್ರೊಡೆಯಿಂದ ಒಂದು ಅನಾಹುತವೂ ಆಯಿತು. ಮರದ ಮೇಲೆ ಮಳೆಗಾಲದಲ್ಲಿ ಚಿಗುರುವ ಮರಗೆಸುವಿನ ಎಲೆಯೇ ಶ್ರೇಷ್ಠ, ಬೇರೆ ಕೆಸುವಾದರೆ ಹುಣಿಸೆಹುಳಿ ಧಾರಾಳವಾಗಿರಲಿ ಎಂದು ಅವಳು ಸ್ಪಷ್ಟವಾಗಿಯೇ ಬರೆದಿದ್ದಳು. ಬೆಂಗಳೂರಿನವಳು ಮಾರುಕಟ್ಟೆಯಲ್ಲಿ ಸಿಕ್ಕಿದ ಎಲೆ ತಂದು, ಮಕ್ಕಳಿಗೆ ಹುಳಿ ಸೇರದೆಂದು ಹುಳಿ ಕಡಿಮೆ ಮಾಡಿದಳು. ಆ ದಿನ ಅವರ ಮನೆಯಲ್ಲಿ ಸಂಜೆಯವರೆಗೆ ಗಂಟಲು ತುರಿಸಿಕೊಳ್ಳದವರು ಬೆಕ್ಕೊಂದೇ. ಮುಂದಿನ ಸುತ್ತಿನಲ್ಲಿ, 'ಹೇಳಿದ್ದರಲ್ಲಿ ಅರ್ಧ ಮಾಡಿ ದೂರು ಪೂರ್ತಿ ಹೇಳಬೇಡ' ಎಂಬ ಉತ್ತರ ಬಂತು.

ತಿರುಗಾಟದ ಪುಟದಲ್ಲಿ ನನ್ನದೇ ಒಂದು ಅಪರಾಧವಿದೆ. ಆಗುಂಬೆಯ ಸೂರ್ಯಾಸ್ತವನ್ನು ನಾನು ಹೊಗಳಿ ಹೊಗಳಿ ಬರೆದೆ. ನಾನು ನೋಡಿದ್ದು ಡಿಸೆಂಬರದಲ್ಲಿ. ತಿಂಗಳನ್ನು ಬರೆಯಲು ಮರೆತೆ. ಬೆಂಗಳೂರಿನವಳು ಮಕ್ಕಳಿಗೆ ರಜೆಯೆಂದು ಆಗಸ್ಟಿನಲ್ಲಿ ಸಂಸಾರ ಸಮೇತ ಹೋದಳು. ಮಂಜು, ಮಳೆ, ಮತ್ತೆ ಮಂಜು. ಸೂರ್ಯ ಇರಲಿ, ಎದುರಿಗೆ ನಿಂತ ಗಂಡನೇ ಕಾಣಲಿಲ್ಲವಂತೆ. ನವೆಂಬರದಿಂದ ಜನವರಿಯವರೆಗೆ ಎಂಬ ಎರಡು ಪದಗಳನ್ನು ಬರೆಯದಿದ್ದುದರಿಂದ ಒಂದು ಕುಟುಂಬದ ಒಂದು ವರ್ಷದ ಪ್ರವಾಸ ನೀರುಪಾಲಾಯಿತು. ಅಂದಿನಿಂದ ಸ್ಥಳದ ಹೆಸರಿಗಿಂತ ಮೊದಲು ತಿಂಗಳನ್ನು ಬರೆಯುವ ಪದ್ಧತಿ ಬಂತು. ಜೋಗಕ್ಕೂ ಹೀಗೆಯೇ. 253 ಮೀಟರು ಎತ್ತರದಿಂದ ಬೀಳುವ ಶರಾವತಿಯನ್ನು ನೋಡಲು ಜನ ಆಷಾಢದ ಭರದಲ್ಲಿ ಧಾವಿಸುತ್ತಾರೆ. ಆಗ ಮಂಜಿನ ಹಿಂದೆ ಸದ್ದು ಮಾತ್ರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಬೇಸಗೆಯಲ್ಲಿ ಹೋದರೆ ಬಂಡೆ ಮಾತ್ರ. ಮಳೆ ಹಿಂದೆ ಸರಿದು ಬಿಸಿಲು ಇಣುಕುವ ಭಾದ್ರಪದವೇ ಸರಿಯೆಂದು ಶಿರಸಿಯವಳು ತೀರ್ಪು ಕೊಟ್ಟಿದ್ದಳು. ಅವರ ಊರಿನ ಬಳಿಯ ಸಹಸ್ರಲಿಂಗಕ್ಕೆ ಆಗಲೂ ಹೋಗಬೇಡಿ, ಶಾಲ್ಮಲೆ ಇಳಿದ ಮೇಲೆಯೇ ಕಲ್ಲಿನ ಲಿಂಗಗಳು ಕಾಣುವುದು ಎಂದು ಎಚ್ಚರಿಕೆ.

ಸಿಂಗಾರದ ಪುಟಗಳನ್ನು ಈಗ ಓದಿದರೆ ಔಷಧದ ಅಂಗಡಿಯ ಪಟ್ಟಿಯಂತೆ ಕಾಣುತ್ತವೆ. ಸೀಗೆಪುಡಿಗೆ ಮೆಂತ್ಯ ಎಷ್ಟು, ದಾಸವಾಳದ ಎಲೆಯ ಲೋಳೆಯನ್ನು ಯಾವ ಹೊತ್ತಿನಲ್ಲಿ ತೆಗೆಯಬೇಕು, ಚಳಿಗಾಲದ ಹಿಮ್ಮಡಿಯ ಬಿರುಕಿಗೆ ಮುರುಗಲ ತುಪ್ಪವನ್ನು ಬಿಸಿ ಮಾಡಿ ಹಚ್ಚಿ ಮಲಗುವುದು. ಈ ಮುರುಗಲ ತುಪ್ಪದ ಗಟ್ಟಿಯೊಂದನ್ನು ಶಿರಸಿಯವಳು ಪ್ರತಿ ಮಾರ್ಗಶಿರದಲ್ಲಿಯೂ ಕಳಿಸುತ್ತಿದ್ದಳು. ನನ್ನ ಕಾಲು ಇಂದಿಗೂ ಅವಳ ಋಣದಲ್ಲಿದೆ.

ಇನ್ನು 1981ಕ್ಕೆ ಬರುತ್ತೇನೆ. ಆಗ ನಮ್ಮ ಆರನೆಯ ನೋಟುಬುಕ್ಕು ನಡೆಯುತ್ತಿತ್ತು. ಆ ವರ್ಷದ ಭಾದ್ರಪದದಲ್ಲಿ ಇಳಕಲ್ಲಿನ ಗೆಳತಿಯ ಗಂಡ ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ ನಲವತ್ತು ತುಂಬಿರಲಿಲ್ಲ. ಅವಳಿಗೆ ಒಬ್ಬ ಮಗ. ಅವಳು ಅಲ್ಲಿಯೇ ಹೈಸ್ಕೂಲಿನಲ್ಲಿ ಕನ್ನಡದ ಶಿಕ್ಷಕಿ. ನಾವು ಮೂವರೂ ಹೋಗಿ ಬಂದೆವು. ಹೋದವರು ಏನು ಮಾತಾಡುತ್ತಾರೋ ಅದನ್ನೇ ಮಾತಾಡಿದೆವು.

ಹದಿನೈದು ದಿನ ಕಳೆದು ಶರದೃತುವಿನ ನೋಟುಬುಕ್ಕು ಬೆಂಗಳೂರಿನಿಂದ ನನಗೆ ಬಂತು. ನನ್ನಿಂದ ಅದು ಇಳಕಲ್ಲಿಗೆ ಹೋಗಬೇಕು. ಶರತ್ತೆಂದರೆ ನಮ್ಮ ನೋಟುಬುಕ್ಕಿನ ಅತ್ಯಂತ ಸಡಗರದ ಸುತ್ತು: ನವರಾತ್ರಿ, ದೀಪಾವಳಿ, ಎಣ್ಣೆಸ್ನಾನ, ಹೊಸ ಸೀರೆ, ಹೂವು. ಬೆಂಗಳೂರಿನವಳು ಸಾವಿನ ಸುದ್ದಿ ಬರುವ ಮುನ್ನವೇ ನಾಲ್ಕು ಪುಟ ತುಂಬಾ ದೀಪಾವಳಿಯ ಸೀರೆಗಳನ್ನೂ, ಯಾವ ಬಣ್ಣಕ್ಕೆ ಯಾವ ಬಳೆ ಎಂಬುದನ್ನೂ, ಮುಡಿಗೆ ಯಾವ ಹೂವೆಂಬುದನ್ನೂ ಬರೆದಿಟ್ಟಿದ್ದಳು. ಇದನ್ನು ಆ ಮನೆಗೆ ಹೇಗೆ ಕಳಿಸುವುದು? ಟ್ರಂಕ್ ಕಾಲ್ ಮಾಡಿ ಅವಳನ್ನು ಕೇಳಿದೆ. 'ನಿನಗೆ ಸರಿ ಕಂಡಂತೆ ಮಾಡು' ಎಂದಳು. ನಾನು ಬ್ಲೇಡಿನಿಂದ ಆ ಎರಡು ಹಾಳೆಗಳನ್ನು ಬುಡಕ್ಕೆ ಕತ್ತರಿಸಿ ಮೇಜಿನ ಖಾನೆಯಲ್ಲಿಟ್ಟೆ. ನನ್ನ ಪುಟಗಳಲ್ಲಿ ಉಡುಗೆ, ಸಿಂಗಾರ ಎರಡನ್ನೂ ಬಿಟ್ಟು, ಸಾರಿನ ವಿಷಯವನ್ನೂ ಧೈರ್ಯ ತಂದುಕೊಳ್ಳಬೇಕೆಂಬ ವಿಷಯವನ್ನೂ ಮೂರು ಪುಟ ಬರೆದೆ. ಬಹಳ ಸೂಕ್ಷ್ಮವಾಗಿ ನಡೆದುಕೊಂಡೆನೆಂದು ನನಗೆ ನಾನೇ ಮೆಚ್ಚಿಕೊಂಡಿದ್ದೆ.

ವಾರದೊಳಗೆ ನನಗೊಂದು ಕಾರ್ಡು ಬಂತು. ನೆನಪಿನಿಂದ ಹೇಳುತ್ತಿದ್ದೇನೆ: 'ನಲವತ್ತಾರು ಆದ ಮ್ಯಾಲ ಐವತ್ತೊಂದು ಬಂದದ. ನಡುವಿನ ನಾಕು ಪುಟ ಎಲ್ಲಿ? ಹೋದವರು ನಮ್ಮನಿಯವರು. ನಾ ಇನ್ನೂ ಇದ್ದೀನಿ. ನನ್ನ ಮುಂದ ಏನೇನು ಮಾತಾಡಬಾರದು ಅಂತ ಊರ ಮಂದಿ ಆಗಲೇ ಗೊತ್ತು ಮಾಡ್ಯಾರ. ನೀವೂ ಹಂಗ ಮಾಡಿದರ ನಾ ಯಾರನ್ನ ಕೇಳಲಿ? ಬರೂ ಸೋಮವಾರದ ಮುಂದಿನ ಸೋಮವಾರ ಸಾಲೀಗೆ ಹೋಗಬೇಕು. ಏನು ಉಟಗೊಂಡು ಹೋಗಲಿ, ಅದನ್ನ ಬರೀರಿ.'

ಆ ಮನೆಯ ಹಿರಿಯರು ಅವಳಿಗೆ ಎರಡು ಬಣ್ಣಗಳನ್ನಷ್ಟೇ ಉಳಿಸಿದ್ದರು, ಬಿಳಿ ಮತ್ತು ಬೂದು. ತಂದೆ ಸ್ವತಃ ನೇಯ್ದು ಕೊಟ್ಟ ಸೀರೆಗಳು ಟ್ರಂಕಿನಲ್ಲಿ ಬೀಗದೊಳಗೆ. ಕಾರ್ಡನ್ನು ಕೈಯಲ್ಲಿ ಹಿಡಿದು ನಾನು ನಾಲ್ಕು ದಿನ ಸುಮ್ಮನೆ ಕುಳಿತೆ. ಉಡು ಎಂದರೆ ಆ ಮನೆಯಲ್ಲಿ ಅವಳು ಅನುಭವಿಸಬೇಕಾದದ್ದು ನನಗಲ್ಲ, ಅವಳಿಗೆ. ಉಡಬೇಡ ಎನ್ನಲು ನಾನು ಯಾರು? ಕತ್ತರಿಸಿದ ಹಾಳೆಗಳನ್ನು ಲಕೋಟೆಯಲ್ಲಿ ಹಾಕಿ ಕಳಿಸಿದೆ. ಅಷ್ಟು ಬಿಟ್ಟರೆ ಆ ಪ್ರಶ್ನೆಗೆ ನಾನು ಉತ್ತರ ಬರೆಯಲಿಲ್ಲ. ಇದನ್ನು ಇಂದಿಗೂ ನಾಚಿಕೆಯಿಂದಲೇ ಹೇಳುತ್ತೇನೆ.

ಉತ್ತರ ಕೊಟ್ಟವಳು ಬೆಂಗಳೂರಿನವಳು. ನಮ್ಮಲ್ಲೆಲ್ಲ ಹಗುರ ಸ್ವಭಾವದವಳೆಂದು, ಬಳೆ ರಿಬ್ಬನ್ನುಗಳ ಆಚೆಗೆ ಏನೂ ತಿಳಿಯದವಳೆಂದು ನಾವು ಹಾಸ್ಯ ಮಾಡುತ್ತಿದ್ದವಳು. ನಾನು ಫೋನಿನಲ್ಲಿ ಕಾರ್ಡನ್ನು ಓದಿ ಹೇಳಿದ ಮರುದಿನವೇ ಅವಳು ಒಂದು ಪಾರ್ಸೆಲ್ ಕಳಿಸಿದಳು. ಒಳಗಿದ್ದದ್ದು ಗಾಢ ನೀಲಿಯ, ಸಣ್ಣ ಚೌಕುಳಿಯ ಹತ್ತಿಯ ಸೀರೆ, ಹೊಸದಲ್ಲ. ಜೊತೆಗಿದ್ದ ಚೀಟಿಯನ್ನು ಮುಂದೆ ನಾನೇ ಕಂಡೆ: 'ಇದು ನನ್ನದು. ಆರು ಸಲ ಉಟ್ಟಿದ್ದೇನೆ, ನಾಲ್ಕು ಸಲ ಒಗೆದಿದ್ದೇನೆ. ಬಣ್ಣ ಬಿಡುವುದಿಲ್ಲ. ಗಂಜಿ ತೆಳ್ಳಗೆ ಹಾಕು. ಸೋಮವಾರ ಇದನ್ನು ಉಟ್ಟು ಹೋಗು.'

ಸೋಮವಾರ ಅವಳು ಅದನ್ನು ಉಟ್ಟು ಹೋದಳು. ಮನೆಯಲ್ಲಿ ಮಾತಾಯಿತು, ಎರಡು ದಿನ ಅತ್ತೆ ಊಟ ಬಡಿಸಲಿಲ್ಲ. ಶಾಲೆಯಲ್ಲಿ ಸಹೋದ್ಯೋಗಿಗಳು ಕಿಟಕಿಯ ಹೊರಗೆ ನೋಡಿದರು. ಒಂಬತ್ತನೆಯ ತರಗತಿಯಲ್ಲಿ ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಹತ್ತಿರ ಬಂದು, 'ಅಕ್ಕಾರ, ಸೀರಿ ಛಲೋ ಐತಿ, ಎಲ್ಲಿ ತಂದ್ರಿ?' ಎಂದು ಕೇಳಿದಳಂತೆ. ಗೆಳತಿ ಇದನ್ನು ಹೇಮಂತದ ಸುತ್ತಿನಲ್ಲಿ, ಉಡುಗೆಯ ಪುಟದಲ್ಲಿ, ಬೇರೆ ಯಾವ ವ್ಯಾಖ್ಯಾನವೂ ಇಲ್ಲದೆ ಬರೆದಿದ್ದಳು. ನಾನು ಕತ್ತರಿಸಿದ್ದ ಹಾಳೆಗಳು ಆ ನೋಟುಬುಕ್ಕಿನಲ್ಲಿ ತಮ್ಮ ಜಾಗದಲ್ಲಿಯೇ ಇದ್ದುವು. ಮಗ್ಗದ ನೂಲಿನಿಂದ ಹೊಲಿದು ಸೇರಿಸಿದ್ದಳು.

ಶಿಶಿರದಲ್ಲಿ ಶಿರಸಿಯವಳು ನೋಟುಬುಕ್ಕಿನೊಂದಿಗೆ ಒಣಗಿದ ಸುರಗಿಯ ಸರವೊಂದನ್ನು ಇಟ್ಟು ಕಳಿಸಿದಳು. ಅಂಕೋಲೆಯ ಕಡೆಯಿಂದ ಬಂದ ಹೂವು. ಒಣಗಿದ ಮೇಲೂ ಅದರ ಪರಿಮಳ ಹೋಗುವುದಿಲ್ಲ. 'ಮುಡಿಯಲಿಕ್ಕೆ ಅಂತ ಅಲ್ಲ, ಸೀರೆಯ ಪೆಟ್ಟಿಗೆಯಲ್ಲಿಡಲಿಕ್ಕೆ' ಎಂದು ಬರೆದಿದ್ದಳು. ಅವಳು ಅದನ್ನು ಪೆಟ್ಟಿಗೆಯಲ್ಲಿಟ್ಟಳೋ ಮುಡಿದಳೋ ನಾವು ಕೇಳಲಿಲ್ಲ. ತಂದೆ ನೇಯ್ದ ಸೀರೆಗಳಲ್ಲೊಂದನ್ನು ಅವಳು ಮತ್ತೆ ಉಟ್ಟದ್ದು 1984ರಲ್ಲಿ, ನನ್ನ ತಂಗಿಯ ಮದುವೆಗೆ ಧಾರವಾಡಕ್ಕೆ ಬಂದಾಗ. ಮಡಿಕೆ ಬಿಚ್ಚಿದಾಗ ಸುರಗಿಯ ವಾಸನೆ ಬಂತು.

1989ರ ಹೊತ್ತಿಗೆ ನಾಲ್ವರ ಮನೆಗೂ ಫೋನು ಬಂದಿತ್ತು. ನೋಟುಬುಕ್ಕು ತಾನಾಗಿಯೇ ನಿಂತಿತು. ಎಲ್ಲವೂ ಶಿರಸಿಯವಳ ಅಟ್ಟದಲ್ಲಿವೆ. ಮೂರನೆಯದನ್ನು ಒರಲೆ ತಿಂದಿತು, ಆಗುಂಬೆಯ ನನ್ನ ಬರಹವೂ ಅದರೊಡನೆ ಹೋಯಿತೆಂಬುದೊಂದು ಸಮಾಧಾನ. ಈಗ ನಾವೆಲ್ಲ ಎಪ್ಪತ್ತು ದಾಟಿದ್ದೇವೆ. ಮೊಮ್ಮಕ್ಕಳ ಕೈಯಲ್ಲಿರುವ ಯಂತ್ರದಲ್ಲಿ ಯಾರೋ ಅಪರಿಚಿತರು ಹಣ ಪಡೆದು ಸೀರೆಯನ್ನೂ ಕ್ರೀಮನ್ನೂ ಊಟವನ್ನೂ ಊರನ್ನೂ ದಿನವಿಡೀ ಹೊಗಳುತ್ತಿರುತ್ತಾರೆ. ಮಕ್ಕಳು ಅವರ ಮಾತನ್ನು ನಂಬುತ್ತಾರೆಂದೂ ಹೇಳಲಾರೆ, ನಂಬುವುದಿಲ್ಲವೆಂದೂ ಹೇಳಲಾರೆ. ನಮ್ಮ ಮಕ್ಕಳು ನಮ್ಮ ನಾಲ್ವರನ್ನೂ ಅದೇ ಯಂತ್ರದಲ್ಲಿ ಒಂದು ಗುಂಪು ಮಾಡಿಕೊಟ್ಟಿದ್ದಾರೆ.

ಕಳೆದ ದೀಪಾವಳಿಗೆ ನಾನೊಂದು ಸೀರೆ ಕೊಂಡೆ. ಅಪ್ಪಟ ಇಳಕಲ್ಲು, ದಾಳಿಂಬೆಯ ಬಣ್ಣ. ಕೊಂಡಿಯ ಮೇಲೆ ಬೆರಳಾಡಿಸಿ ನೋಡಿಯೇ ಕೊಂಡದ್ದು. ಫೋಟೋ ತೆಗೆಸಿ ಗುಂಪಿಗೆ ಕಳಿಸಿ, ಬಹಳ ಚೆನ್ನಾಗಿದೆ, ನೀವೂ ಒಂದೊಂದು ತೊಗೊಳ್ಳಿ ಎಂದು ಬರೆದೆ. ಬೆಂಗಳೂರಿನವಳು ಹೊಗಳಿದಳು. ಶಿರಸಿಯವಳು ಬೆಲೆ ಕೇಳಿದಳು. ರಾತ್ರಿ ಹತ್ತರ ಹೊತ್ತಿಗೆ ಇಳಕಲ್ಲಿನಿಂದ ಉತ್ತರ ಬಂತು.

'ಎಷ್ಟು ಸಲ ಒಗದೀ?'

ಇನ್ನೂ ಒಗೆದಿಲ್ಲವೆಂದು ಬರೆದೆ.

'ಒಗದ ಮ್ಯಾಲ ಹೇಳು' ಎಂದಳು.